ಫೋಟೊ ನಿಜ, ಅದರ ಕತೆ?

"ಸರ್, ಈ ಫೋಟೊ ಒರಿಜಿನಲ್ಲಾ?" ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ವನ್ಯಜೀವಿಗಳ ಕೆಲಸದಲ್ಲಿರುವ ನನಗೆ ಇಲ್ಲಿನ ಕನ್ನಡಿಗರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಯಾವಾಗಲೂ ಇದೇ. ಜೊತೆಗೊಂದು ಚಿತ್ರ ಇರುತ್ತದೆ: ಸತ್ತ ಪ್ಯೂಮಾ (ಅಮೆರಿಕದ ದೊಡ್ಡ ಕಾಡುಬೆಕ್ಕು), ಅದನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದ ಬೇಟೆಗಾರ, ಕೆಳಗೆ "ನಮ್ಮ ಬಡಾವಣೆ ಹಿಂದೇನೇ ಹೊಡೆದದ್ದು, 110 ಕಿಲೊ" ಎಂಬ ಒಕ್ಕಣೆ.

ಫೋಟೊ ಬಹಳಷ್ಟು ಸಲ ಒರಿಜಿನಲ್ಲೇ. ಸುಳ್ಳು ಇರುವುದು ಒಕ್ಕಣೆಯಲ್ಲಿ. ಎಷ್ಟು ಸಲ ಹೇಳಿದರೂ ಜನ ಮತ್ತೆ ಚಿತ್ರವನ್ನೇ ಹಿಗ್ಗಿಸಿ, ನೆರಳು ಸರಿಯಿದೆಯಾ, ಪಂಜ ಸರಿಯಿದೆಯಾ ಅಂತ ಹುಡುಕುತ್ತಾರೆ. ಎಲ್ಲಿ ಹೊಡೆದದ್ದು, ಯಾವಾಗ, ಯಾರು, ತೂಕ ಎಷ್ಟು, ಲೈಸೆನ್ಸ್ ಇತ್ತೇ ಎನ್ನುವ ಪ್ರತಿಯೊಂದಕ್ಕೂ ಬೇರೆ ಬೇರೆ ಪುರಾವೆ ಬೇಕು. ಪ್ರಾಣಿ ಸತ್ತಿದೆ ಎನ್ನುವುದರಾಚೆಗೆ ಚಿತ್ರ ಏನನ್ನೂ ಖಾತರಿಯಾಗಿ ಹೇಳುವುದಿಲ್ಲ.

ಪರಿಚಿತರೊಬ್ಬರ ತಾಯಿ ಶಿವಮೊಗ್ಗದಿಂದ ಡೆನ್ವರ್‌ಗೆ ಬಂದಿದ್ದರು. ಇಂಥದ್ದೇ ಫಾರ್ವರ್ಡ್ ನೋಡಿ ಸಂಜೆಯ ವಾಕಿಂಗ್ ಬಿಟ್ಟಿದ್ದರು. ಮಗ ಫೋಟೊ ಅಸಲಿಯೋ ನಕಲಿಯೋ ಅಂತ ನನ್ನ ಜೊತೆ ವಾದಿಸುತ್ತಿದ್ದಾಗ ಅವರೇ ಫೋನ್ ತಗೊಂಡು, "ಇಲ್ಲಿ ನೋಡಪ್ಪ, ಹಿಂದೆ ಕಂಬದ ಹಾಗೆ ಕಳ್ಳಿ ಇದೆ. ಈ ಊರಲ್ಲಿ ನಾನೆಲ್ಲೂ ಇದನ್ನ ನೋಡಿಲ್ಲ" ಅಂದರು. ಅದು ಸಗ್ವಾರೊ ಕಳ್ಳಿ. ಅರಿಜೋನಾದ ಕಡೆಯ ಸೊನೊರಾ ಮರುಭೂಮಿಯದ್ದು. ಕೊಲೊರಾಡೊದ ಚಳಿಗೆ ಬೆಳೆಯುವುದಿಲ್ಲ. ಪ್ರಾಣಿಯನ್ನು ಬಿಟ್ಟು ಅದರ ಹಿಂದೆ ನೋಡಿದ ಆ ಅಮ್ಮನ ಬಗ್ಗೆ ನನಗೆ ಈಗಲೂ ಅಪಾರ ಗೌರವ.

ತೂಕದ ಮಾತಿಗೆ ಬರೋಣ. ಬಲಿತ ಗಂಡು ಪ್ಯೂಮಾ ಸಾಮಾನ್ಯವಾಗಿ 55ರಿಂದ 70 ಕಿಲೊ. ಮುಂದೆ ಅಮೆರಿಕದ ಅಧ್ಯಕ್ಷರಾದ ಥಿಯೋಡರ್ ರೂಸ್‌ವೆಲ್ಟ್ 1901ರಲ್ಲಿ ಕೊಲೊರಾಡೊದಲ್ಲಿ ಕೊಂದ ಗಂಡು 227 ಪೌಂಡ್, ಅಂದರೆ 103 ಕಿಲೊ ಇತ್ತು. ಅಂಥದ್ದು ತೀರಾ ಅಪರೂಪ. ಫೋಟೊದಲ್ಲಿ ಮಾತ್ರ ಎಲ್ಲವೂ ಹಾಗೇ ಕಾಣುತ್ತವೆ, ಯಾಕೆಂದರೆ ಪ್ರಾಣಿಯನ್ನು ಕ್ಯಾಮೆರಾದತ್ತ ಚಾಚಿ ಹಿಡಿದು ಬೇಟೆಗಾರ ಹಿಂದೆ ಸರಿದಿರುತ್ತಾನೆ. ಬೇಟೆಯ ದಾಖಲೆಗಳನ್ನು ಇಡುವ ಅಮೆರಿಕದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ತೂಕವನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ತಲೆಬುರುಡೆಯನ್ನು 60 ದಿನ ಒಣಗಿಸಿ, ಉದ್ದ ಅಗಲ ಕೂಡಿಸುತ್ತಾರೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1979ರಲ್ಲಿ ಸಿಕ್ಕ, ದಾಖಲೆಯ ಬುರುಡೆಯದ್ದು ಹೀಗೆ ಕೂಡಿಸಿದರೆ ಹದಿನಾರೂಕಾಲು ಇಂಚು. ಹಾಗಾಗಿ ಹೊಡೆದ ದಿನವೇ "ವಿಶ್ವದಾಖಲೆ" ಅಂದವರ ಮಾತನ್ನು ನಂಬಬೇಡಿ.

ಕಾನೂನುಬದ್ಧವೇ ಎನ್ನುವುದಕ್ಕೆ ಕಾಗದಪತ್ರ ಇದೆ. ಕೊಲೊರಾಡೊದಲ್ಲಿ ಪ್ಯೂಮಾ ಹೊಡೆದವರು 48 ಗಂಟೆಯೊಳಗೆ ರಾಜ್ಯದ ವನ್ಯಜೀವಿ ಇಲಾಖೆಗೆ ತಿಳಿಸಬೇಕು, ಐದು ದಿನದೊಳಗೆ ತಲೆ ಮತ್ತು ಚರ್ಮವನ್ನು ತಪಾಸಣೆಗೆ ತರಬೇಕು. ಫ್ರೀಜರ್‌ನಿಂದ ಕಲ್ಲಿನಂತೆ ತಂದರೆ ನಡೆಯುವುದಿಲ್ಲ, ದವಡೆ ತೆರೆಯಬೇಕು. ಒಳಗಿನ ಪುಟ್ಟ ಹಲ್ಲೊಂದನ್ನು ಕಿತ್ತು, ಅದರ ಪದರಗಳಿಂದ ವಯಸ್ಸು ತಿಳಿಯುತ್ತಾರೆ. ಚರ್ಮಕ್ಕೆ ಸೀಲ್ ಬೀಳುತ್ತದೆ. ಇದು ಕೊಲೊರಾಡೊದ ನಿಯಮ. ಪಕ್ಕದ ರಾಜ್ಯದಲ್ಲಿ ಬೇರೆ ಇರಬಹುದು. ಕ್ಯಾಲಿಫೋರ್ನಿಯಾದಲ್ಲಂತೂ 1990ರ ಜನಮತದ ನಂತರ ಈ ಬೇಟೆಯೇ ನಿಷಿದ್ಧ.

2023ರ ಜನವರಿಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಮಾಜಿ ಆಟಗಾರ ಡೆರೆಕ್ ವುಲ್ಫ್ ತಾನು ಕೊಂದ ಪ್ಯೂಮಾದ ಚಿತ್ರ ಹಾಕಿದಾಗ ಕಳ್ಳಬೇಟೆಯೆಂದು ದೂರುಗಳು ಹೋದವು. ರಾಜ್ಯದ ವನ್ಯಜೀವಿ ಇಲಾಖೆ ನೋಡಿ, ಬೇಟೆ ಕಾನೂನಿನಂತೆಯೇ ನಡೆದಿದೆ ಎಂದಿತು. ಟ್ರೋಫಿಗಾಗಿ ಕೊಲ್ಲುವುದು ನನಗೂ ಹಿಡಿಸುವುದಿಲ್ಲ. ಆದರೆ ಹಿಡಿಸದ್ದೆಲ್ಲ ಅಪರಾಧವಲ್ಲ. ಅದನ್ನು ನಿಲ್ಲಿಸಲು 2024ರ ನವೆಂಬರ್‌ನಲ್ಲಿ ಮತದಾನವೇ ನಡೆಯಿತು, ಪ್ರಸ್ತಾವ ಸೋತಿತು.

ಹಾಗಂತ ಎಲ್ಲವನ್ನೂ ಸುಳ್ಳೆಂದು ತಳ್ಳಿಹಾಕುವವರ ಮೇಲೂ ನನಗೆ ಸಿಟ್ಟು ಬರುತ್ತದೆ. 2011ರ ಜೂನ್‌ನಲ್ಲಿ ಅಮೆರಿಕದ ಪೂರ್ವ ತುದಿಯ ಕನೆಕ್ಟಿಕಟ್‌ನ ಹೆದ್ದಾರಿಯಲ್ಲಿ ಪ್ಯೂಮಾವೊಂದು ಕಾರಿಗೆ ಸಿಕ್ಕಿ ಸತ್ತಿತು. ಆ ಕಡೆ ಪ್ಯೂಮಾ ಎಲ್ಲಿಂದ ಬರಬೇಕು, ಯಾರೋ ಸಾಕಿದ್ದಿರಬೇಕು ಎಂಬುದೇ ಮೊದಲ ಅನುಮಾನ. ನೋಡಿದರೆ, ಸಾಕುವವರು ಮಾಡಿಸುವಂತೆ ಉಗುರು ಕಿತ್ತಿರಲಿಲ್ಲ, ಗುರುತಿನ ಮೈಕ್ರೊಚಿಪ್ ಇರಲಿಲ್ಲ. ಡಿಎನ್‌ಎ ಅದರ ಮೂಲವನ್ನು ದಕ್ಷಿಣ ಡಕೋಟದ ಬ್ಲ್ಯಾಕ್ ಹಿಲ್ಸ್‌ಗೆ ಕೊಂಡೊಯ್ದಿತು. ದಾರಿಯ ಮಿನ್ನೆಸೋಟ, ವಿಸ್ಕಾನ್ಸಿನ್‌ಗಳಲ್ಲಿ ಮೊದಲೇ ಸಿಕ್ಕಿದ್ದ ಮಾದರಿಗಳೂ ಹೊಂದಿಕೊಂಡವು.

ಆದ್ದರಿಂದ ಮುಂದಿನ ಸಲ ಚಿತ್ರದ ಜೊತೆ ಊರು, ತಾರೀಕು, ಮೊದಲು ಹಾಕಿದವರು ಯಾರು ಎಂಬುದನ್ನೂ ಕಳಿಸಿ. ಇಲಾಖೆಗೆ ಫೋನ್ ಮಾಡಿ ವಿಚಾರಿಸಲು ನಾನು ಸಿದ್ಧ. ಅವಿಲ್ಲದೆ ಬರೀ ಚಿತ್ರ ಕಳಿಸಿದರೆ "ಹೇಳಲು ಬರುವುದಿಲ್ಲ" ಎಂದಷ್ಟೇ ಉತ್ತರ ಕೊಡಬಲ್ಲೆ.