ತಾವೇ ಮಾಡಿ ಕಲಿತರೆ ಅಂಕ ಕಡಿಮೆ ಆಗುತ್ತಾ?

ಪ್ರಶ್ನೆ: ಮಗಳ ಶಾಲೆಯಲ್ಲಿ ವಿಜ್ಞಾನಕ್ಕೆ ನೋಟ್ಸ್ ಬರೆಸುವುದು ಕಡಿಮೆ. ‘ನೀವೇ ಮಾಡಿ ನೋಡಿ’ ಅನ್ನುತ್ತಾರಂತೆ. ಹೀಗಾದರೆ ಪಬ್ಲಿಕ್ ಪರೀಕ್ಷೆಯಲ್ಲಿ ಅಂಕ ಹೋಗಲ್ವಾ?

ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. 2015ರಲ್ಲಿ ಎಪ್ಪತ್ತರಷ್ಟು ದೇಶ, ಪ್ರದೇಶಗಳ 15 ವರ್ಷದ ಮಕ್ಕಳು ಪಿಸಾ (PISA) ಎಂಬ ಅಂತರರಾಷ್ಟ್ರೀಯ ಪರೀಕ್ಷೆ ಬರೆದರು. ನಮ್ಮ ಕ್ಲಾಸಿನಲ್ಲಿ ಪ್ರಯೋಗ, ಚರ್ಚೆ ಜಾಸ್ತಿ ಎಂದ ಮಕ್ಕಳ ವಿಜ್ಞಾನದ ಅಂಕ ಬಹಳಷ್ಟು ಕಡೆ ಕಡಿಮೆಯೇ ಇತ್ತು. ಆದರೆ ಪ್ರಯೋಗದಿಂದಲೇ ಅಂಕ ಇಳಿಯಿತು ಅನ್ನುವಂತಿಲ್ಲ. ಹಿಂದೆ ಬಿದ್ದ ಮಕ್ಕಳಿಗೆ ಆಸಕ್ತಿ ಬರಲಿ ಎಂದೇ ಟೀಚರು ಪ್ರಯೋಗ ಹೆಚ್ಚು ಮಾಡಿಸಿರಬಹುದು, ಅಲ್ವಾ?

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಬೇರೆ ಸಂಗತಿ. 2011ರಲ್ಲಿ ಸಂಶೋಧಕರು 164 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಏನೂ ನೆರವಿಲ್ಲದೆ ‘ಹುಡುಕಿಕೋ’ ಎಂದು ಬಿಟ್ಟಾಗ, ನೇರವಾಗಿ ಪಾಠ ಹೇಳಿಸಿಕೊಂಡವರೇ ಮುಂದಿದ್ದರು. ದಾರಿ ತೋರಿಸುತ್ತಾ, ತಪ್ಪಿದ ಕಡೆ ತಿದ್ದುತ್ತಾ ಹುಡುಕಿಸಿದಾಗ ಲೆಕ್ಕ ತಿರುಗಿತು. ಹುಡುಕಿ ಕಲಿತವರೇ ಮೇಲಾದರು. ಅಮೆರಿಕದ ಡೆಟ್ರಾಯಿಟ್‌ನ ಸರ್ಕಾರಿ ಶಾಲೆಗಳಲ್ಲೂ ಹಾಗೇ ಆಯಿತು. ಟೀಚರುಗಳಿಗೆ ತರಬೇತಿ ಕೊಟ್ಟು, ಪಾಠಗಳನ್ನು ಅದಕ್ಕೆಂದೇ ಕಟ್ಟಿ ಕಲಿಸಿದಾಗ 7, 8ನೇ ತರಗತಿಯ ಮಕ್ಕಳು ರಾಜ್ಯ ಮಟ್ಟದ ಪರೀಕ್ಷೆಯಲ್ಲಿ ಹೆಚ್ಚು ಸಂಖ್ಯೆಯಲ್ಲಿ ಪಾಸಾದರು.

ಇನ್ನು ಪ್ರಶ್ನೆಪತ್ರಿಕೆ ಏನು ಕೇಳುತ್ತದೆ ಅನ್ನುವುದೂ ಇದೆ. ಈ ವಿಷಯದಲ್ಲಿ ಮಧ್ಯಪ್ರದೇಶದ ಹೊಶಂಗಾಬಾದ್ ಜಿಲ್ಲೆಯನ್ನು ನೆನೆಯಲೇಬೇಕು. 1972ರಲ್ಲಿ ಅಲ್ಲಿನ 16 ಹಳ್ಳಿ ಶಾಲೆಗಳಲ್ಲಿ 6ರಿಂದ 8ನೇ ತರಗತಿಗೆ ಪ್ರಯೋಗದಿಂದಲೇ ವಿಜ್ಞಾನ ಕಲಿಸಲು ಶುರು ಮಾಡಿದರು. 1978ಕ್ಕೆ ಅದು ಇಡೀ ಜಿಲ್ಲೆಗೆ ಹಬ್ಬಿತು. ಅವರು ಪಾಠ ಬದಲಿಸಿ ಪರೀಕ್ಷೆಯನ್ನು ಹಳೆಯ ಹಾಗೇ ಬಿಡಲಿಲ್ಲ. ಮಕ್ಕಳು ಪುಸ್ತಕ, ನೋಟ್‌ಬುಕ್ ತೆರೆದಿಟ್ಟುಕೊಂಡೇ ಉತ್ತರ ಬರೆಯಬಹುದಿತ್ತು. ಕೈಯಾರೆ ಪ್ರಯೋಗ ಮಾಡಿ ತೋರಿಸುವ ಪರೀಕ್ಷೆಯೂ ಇತ್ತು. ಬಾಯಿಪಾಠಕ್ಕೆ ಅಲ್ಲಿ ಬೆಲೆಯೇ ಇರಲಿಲ್ಲ. 2002ರಲ್ಲಿ ಸರ್ಕಾರ ಇದನ್ನು ನಿಲ್ಲಿಸಿತು. ನನಗೆ ಇವತ್ತಿಗೂ ಅದು ನೋವಿನ ಸಂಗತಿ.

ನಿಮ್ಮ ಮಗಳು ಬರೆಯಬೇಕಾದ ಪರೀಕ್ಷೆ ಅಂಥದ್ದಲ್ಲ. ಅಲ್ಲಿ ವ್ಯಾಖ್ಯೆ, ಚಿತ್ರ, ಸೂತ್ರ ಎಲ್ಲವೂ ಬೇಕು. ಹಾಗಾಗಿ ಹಳೇ ಪ್ರಶ್ನೆಪತ್ರಿಕೆ ಬಿಡಿಸುವ ಅಭ್ಯಾಸ ಬೇಕೇ ಬೇಕು. ಅದಕ್ಕೂ ಮೊದಲು ಅವಳ ವಿಜ್ಞಾನದ ನೋಟ್‌ಬುಕ್ ತೆರೆದು ನೋಡಿ. ಬೀಜ ಮೊಳೆಯುವ ಪ್ರಯೋಗ ಮಾಡಿದ್ದಾಳೆ ಅಂದುಕೊಳ್ಳಿ. ಕಂಡದ್ದನ್ನು ಬರೆದು ಅಲ್ಲಿಗೇ ಬಿಟ್ಟಿದ್ದಾಳಾ? ಇಲ್ಲಾ, ಹಾಗೇಕೆ ಆಯಿತು ಎಂದು ಟೀಚರು ಕೂತು ವಿವರಿಸಿ, ಅವಳ ಮಾತಿನಲ್ಲೇ ಬರೆಸಿದ್ದಾರಾ? ಆ ಕೊನೆಯ ನಾಲ್ಕು ಸಾಲು ಕಾಣದಿದ್ದರೆ, ಶಾಲೆಗೆ ಹೋಗಿ ಅದನ್ನೇ ಕೇಳಿ.