ಎರಡು ದಿನದ ಗುರುಗಳು

ಬೆಳಗಾವಿಯಲ್ಲಿ ಪೇಟಿ ಹಿಡಿದು ಕೂತು ಮೂವತ್ತು ವರ್ಷದ ಮೇಲಾಯಿತು. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಅಂತಲೇ ಅನ್ನುವುದು. ಸಾಥ್ ಕೊಡುವುದು, ಅಂದ್ರೆ ಹಾಡುವವರ ಜೊತೆ ನುಡಿಸುವುದು, ನನ್ನ ಕೆಲಸ. ಅದರ ಜೊತೆಗೆ, ಯಾವ ಜನ್ಮದ ಪಾಪವೋ, ಊರಿನ ಸಂಗೀತ ಬೈಠಕ್‌ಗಳಲ್ಲಿ ಕಲಾವಿದರ ಪರಿಚಯ ಬರೆದು ಓದುವ ಕೆಲಸವೂ ನನಗೇ ಅಂಟಿಕೊಂಡಿದೆ. ಒಮ್ಮೆ ಯಾರೋ ನಿರೂಪಕರು ಬರಲಿಲ್ಲ, ನಾನು ಮೈಕ್ ಹಿಡಿದೆ. ಅಷ್ಟೇ, ಆಮೇಲೆ ಬಿಡಲಿಲ್ಲ.

ಪರಿಚಯ ಈಗ ವಾಟ್ಸಾಪ್‌ನಲ್ಲಿ ಬರುತ್ತದೆ. ನಾಲ್ಕು ಪುಟ, ಐದು ಪುಟ, ಬಣ್ಣದ ಫೋಟೋ. ಬಾಲ್ಯದಿಂದಲೇ ಸಂಗೀತದಲ್ಲಿ ಅಪಾರ ಆಸಕ್ತಿ, ಅಲ್ವಾ? ಅದು ಎಲ್ಲರದ್ದೂ ಇದ್ದೇ ಇರುತ್ತದೆ. ಆಮೇಲೆ ಕಿತ್ತೂರು ಉತ್ಸವ, ಚಾಲುಕ್ಯ ಉತ್ಸವ, ನವರಸಪುರ ಉತ್ಸವ. ಆಮೇಲೆ ಶಾಲು, ಹಾರ, ಫಲಕ. ಇಪ್ಪತ್ತೈದರ ಹುಡುಗನ ಹೆಸರಿನ ಹಿಂದೆ 'ಪಂಡಿತ'. ಇದನ್ನೆಲ್ಲ ನಾನು ಮನ್ನಿಸಿಬಿಡುತ್ತೇನೆ. ವಯಸ್ಸಿನ ಹುಮ್ಮಸ್ಸು, ಅಥವಾ ಅಪ್ಪನ ಹುಮ್ಮಸ್ಸು. 'ಪಂಡಿತ'ವನ್ನು ಸುಮ್ನೆ ಓದದೆ ಬಿಟ್ಟರಾಯಿತು.

ಮನ್ನಿಸಲು ಆಗದ್ದು ಗುರುಗಳ ಸಾಲು. 'ಇವರು ಶ್ರೀ ಇಂಥವರು, ಇಂಥವರು, ಇಂಥವರಲ್ಲಿ ಸಂಗೀತಾಭ್ಯಾಸ ಮಾಡಿದ್ದಾರೆ' ಅಂತ ಎಂಟು ಹೆಸರು. ಕೆದಕಿ ಕೇಳಿದರೆ ಅದರಲ್ಲಿ ಒಬ್ಬರ ಹತ್ತಿರ ಹತ್ತು ವರ್ಷ. ಉಳಿದ ಏಳು ಜನರ ಹತ್ತಿರ ಎರಡೆರಡು ದಿನದ ಕಾರ್ಯಾಗಾರ. ಹತ್ತು ವರ್ಷದವರ ಹೆಸರು ಆರನೆಯದು, ಅದೂ ಕಾಗುಣಿತ ತಪ್ಪಿ. ಯಾಕಂದ್ರೆ ಅವರು ಇದೇ ಊರಿನವರು, ಟೀವಿಯಲ್ಲಿ ಬಂದವರಲ್ಲ.

ಇದರಿಂದ ನನಗಾದ ಫಜೀತಿ ಹೇಳುತ್ತೇನೆ. ಹೆಸರುಗಳು ಬೇಡ. ದೊಡ್ಡ ಗಾಯಕರೊಬ್ಬರು ಊರಿಗೆ ಬಂದು ಎರಡು ದಿನ ಕಲಿಸಿ ಹೋಗಿದ್ದರು. ಅರವತ್ತು ಜನ, ಒಂದೇ ಬಂದಿಶ್, ಕೊನೆಗೆ ಸರ್ಟಿಫಿಕೇಟು, ಫೋಟೋ. ಮುಂದಿನ ವರ್ಷ ಅವರೇ ನಮ್ಮ ಕಾರ್ಯಕ್ರಮಕ್ಕೆ ಮುಖ್ಯ ಅತಿಥಿ. ಮೊದಲು ಹಾಡುವ ಹುಡುಗನ ಪರಿಚಯವನ್ನು ನಾನು ಗಂಟಲು ಸರಿಮಾಡಿಕೊಂಡು ಓದಿದೆ. ಸಂತೋಷದ ಸಂಗತಿ ಅಂದ್ರೆ ಇವರ ಗುರುಗಳೇ ಇವತ್ತು ನಮ್ಮ ಮುಂದೆ ಕೂತಿದ್ದಾರೆ, ಅಂದೆ. ಚಪ್ಪಾಳೆ ಬಿತ್ತು. ಹಿರಿಯರು ಹಿಂದಕ್ಕೆ ತಿರುಗಿ ನೋಡಿದರು. ತಮ್ಮ ಹಿಂದೆ ಯಾರೋ ಗುರುಗಳು ಕೂತಿದ್ದಾರೆ ಅಂದುಕೊಂಡಿದ್ದರು! ಅವರಿಗೆ ಆ ಹುಡುಗನ ಮುಖದ ನೆನಪೇ ಇರಲಿಲ್ಲ. ಪಾಪ, ಆ ಹುಡುಗ ಷಡ್ಜ ಹಿಡಿಯುವ ಮೊದಲೇ ಬೆವೆತುಹೋದ. ನಾನೂ ಬೆವೆತೆ.

ಹಾಗಾಗಿ ಒಂದೇ ಮಾತನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಕಾರ್ಯಾಗಾರದಲ್ಲಿ ಕೂರುವುದು ಒಳ್ಳೆಯದೇ. ನಾನೂ ಕೂತಿದ್ದೇನೆ. ಅದನ್ನು 'ಕಾರ್ಯಾಗಾರದಲ್ಲಿ ಭಾಗವಹಿಸಿದ್ದಾರೆ' ಅಂತಲೇ ಬರೆಯಿರಿ, ಅದರಲ್ಲಿ ಅವಮಾನ ಏನೂ ಇಲ್ಲ. ಆದರೆ ತಾಲೀಮು ಬೇರೆ. ತಾಲೀಮು ಕೊಟ್ಟವರು ನಿಮ್ಮನ್ನು ಹೆಸರು ಹಿಡಿದು ಬೈದಿರಬೇಕು. ನಿನ್ನೆ ಜಾರಿದ ನಿಷಾದವನ್ನು ಇವತ್ತು ಮತ್ತೆ ಹಾಡಿಸಿರಬೇಕು. ಮೂರು ತಿಂಗಳು ಅದೇ ಯಮನ್, ಅದೇ ಆಲಾಪ, ನಿಮಗೆ ಸಾಕಾಗಿ ಅವರಿಗೆ ಸಾಕಾಗದೆ ಇದ್ದಿರಬೇಕು. ಗಂಡಾ (ಶಿಷ್ಯನ ಕೈಗೆ ಗುರು ಕಟ್ಟುವ ದಾರ) ಕಟ್ಟಿಸಿಕೊಂಡಿರಲೇಬೇಕು ಅಂತ ನಾನು ಹೇಳುತ್ತಿಲ್ಲ. ಇಷ್ಟೇ ವರ್ಷ ಆಗಿರಬೇಕು ಅಂತಲೂ ಹೇಳಲಾರೆ. ಮಲ್ಲಿಕಾರ್ಜುನ ಮನ್ಸೂರರನ್ನೇ ನೋಡಿ. ಮೊದಲು ಮಿರಜದ ನೀಲಕಂಠಬುವಾ ಅವರ ಹತ್ತಿರ ಗ್ವಾಲಿಯರ್ ಘರಾಣೆಯ, ಅಂದ್ರೆ ಆ ಪರಂಪರೆಯ, ಹಾಡುವ ಶೈಲಿ ಕಲಿತರು. ಆಮೇಲೆ ಜೈಪುರ ಘರಾಣೆಯ ಮಂಜಿ ಖಾನರ ತಾಲೀಮು. ಅದು ಜಾಸ್ತಿ ದಿನ ನಡೆಯಲಿಲ್ಲ, 1937ರಲ್ಲಿ ಖಾನ್‌ಸಾಹೇಬರು ತೀರಿಕೊಂಡರು. ಮುಂದೆ ಖಾನ್‌ಸಾಹೇಬರ ತಮ್ಮ ಭೂರ್ಜಿ ಖಾನರು ಕಲಿಸಿದರು. ಕಡಿಮೆ ದಿನವಾದರೂ ಮಂಜಿ ಖಾನರ ಹೆಸರು ಆ ಪಟ್ಟಿಯಲ್ಲಿ ಗಟ್ಟಿಯಾಗಿ ಕೂತಿದೆ, ಯಾಕಂದ್ರೆ ಅದು ಮನ್ಸೂರರ ಗಂಟಲಲ್ಲಿ ಕೇಳುತ್ತದೆ.

ಇನ್ನು ನಮ್ಮ ಸುಳೇಭಾವಿಯ ಹುಡುಗ. 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಸಣ್ಣವನಿದ್ದಾಗಲೇ ದೊಡ್ಡ ದೊಡ್ಡ ಗಾಯಕರ ಗ್ರಾಮಫೋನ್ ಪ್ಲೇಟು ಕೇಳಿ, ಇದ್ದದ್ದು ಇದ್ದ ಹಾಗೆ ಹಾಡಿ ತೋರಿಸುತ್ತಿದ್ದ. ಕುಮಾರ ಗಂಧರ್ವ ಅನ್ನುವ ಬಿರುದು ಬಂದದ್ದು ಆಗಲೇ. ಇವತ್ತಿನ ಲೆಕ್ಕದಲ್ಲಿ ಆ ಪ್ಲೇಟಿನವರನ್ನೆಲ್ಲ ಗುರುಗಳ ಪಟ್ಟಿಗೆ ಸೇರಿಸಬಹುದಿತ್ತು. ಆದರೆ ಕುಮಾರರ ಗುರು ಯಾರು ಅಂದ್ರೆ ಎಲ್ಲರೂ ಹೇಳುವುದು ಮುಂಬಯಿಯ ಬಿ. ಆರ್. ದೇವಧರರ ಹೆಸರು. ಕುಮಾರರ ಹೆಸರಿನ ರಂಗಮಂದಿರದಲ್ಲಿ ನಿಂತು ನಾನು ಎಂಟು ಹೆಸರಿನ ಪಟ್ಟಿ ಓದುವಾಗ ನಾಚಿಕೆ ಆಗುತ್ತದೆ.

'ಯಾರು ಕಲಿಸಿದರೆ ಏನ್ರೀ, ಹಾಡು ಚೆನ್ನಾಗಿದ್ದರೆ ಸಾಕಲ್ಲ' ಅನ್ನುವವರೂ ಇದ್ದಾರೆ. ಕೇಳುವವರಿಗೆ ಸಾಕು. ವೇದಿಕೆ ಮೇಲೆ ಕೂತ ನಮಗೆ ಸಾಲದು. ಗುರುವಿನ ಹೆಸರಿನಿಂದ ಘರಾಣೆ ಗೊತ್ತಾಗುತ್ತದೆ. ಕಿರಾಣಾ ಅಂದ್ರೆ ತಬಲಾದವನು ಸಾವಕಾಶದ ಏಕತಾಲಕ್ಕೆ ಮನಸ್ಸು ಸಜ್ಜು ಮಾಡಿಕೊಳ್ಳುತ್ತಾನೆ. ಜೈಪುರ ಅಂದ್ರೆ ಲಯ ಅಷ್ಟು ನಿಧಾನ ಇರಲ್ಲ, ತೀನತಾಲ ಬರುವ ಸಂಭವ ಜಾಸ್ತಿ, ರಾಗವೂ ಎರಡು ರಾಗ ಸೇರಿದ ಜೋಡುರಾಗ ಇರಬಹುದು. ನಾನು ಪೇಟಿ ಮೇಲೆ ಎರಡು ಸಲ ಬೆರಳಾಡಿಸಿ ಇಟ್ಟುಕೊಳ್ಳಬೇಕು. ಗ್ವಾಲಿಯರ್ ಅಂದ್ರೆ ತಿಲವಾಡಾ ತಾಲ ಬಂದರೂ ಬಂತು. ಇದೆಲ್ಲ ಕಲ್ಲಿನ ಮೇಲೆ ಕೊರೆದ ನಿಯಮ ಅಲ್ಲ, ಈಗ ಎಲ್ಲರೂ ಎಲ್ಲವನ್ನೂ ಹಾಡುತ್ತಾರೆ. ಆದರೂ ನಿಜವಾದ ಗುರುವಿನ ಹೆಸರು ಗೊತ್ತಿದ್ದರೆ ಮೊದಲ ಹತ್ತು ನಿಮಿಷ ನಾವು ಕತ್ತಲಲ್ಲಿ ತಡವರಿಸುವುದು ತಪ್ಪುತ್ತದೆ. ಎಂಟು ಹೆಸರು ಓದಿದರೆ ನಮಗೆ ಏನೂ ಗೊತ್ತಾಗುವುದಿಲ್ಲ.

ಇನ್ನೊಂದು ಸಣ್ಣ ತಕರಾರು, ಬಂದ ಹಾಗೆ ಹೇಳಿಬಿಡುತ್ತೇನೆ. ಆಕಾಶವಾಣಿ ಕಲಾವಿದರಿಗೆ ಕೊಡುವ 'ಬಿ ಹೈ' ಗ್ರೇಡನ್ನು ಒಬ್ಬ ಹುಡುಗಿಯ ಸೋದರಮಾವ ಪರಿಚಯದಿಂದ ಹೊಡೆದು ಹಾಕಿದ್ದರು. 'ಬಿ ಅಂದ್ರೆ ಸೆಕೆಂಡ್ ಕ್ಲಾಸ್ ಆತಲ್ರೀ, ಓದಬ್ಯಾಡ್ರಿ' ಅಂದರು. ಅದು ಶಾಲೆಯ ಮಾರ್ಕ್ಸ್ ಕಾರ್ಡ್ ಅಲ್ಲ ಮಾಮಾ. ಬಿ, ಬಿ ಹೈ, ಎ, ಟಾಪ್, ಹೀಗೆ ಮೆಟ್ಟಿಲು. ಬಿ ಸಿಗದೆ ವಾಪಸ್ ಬಂದವರು ಬೇಕಾದಷ್ಟು ಜನ ಇದ್ದಾರೆ. ಅದೊಂದು ಸಾಲು ಹತ್ತು ಶಾಲುಗಳಿಗಿಂತ ಜಾಸ್ತಿ ತೂಗುತ್ತದೆ. ಹಾಗಂತ ಗ್ರೇಡ್ ಇಲ್ಲದವರು ಕಲಾವಿದರಲ್ಲ ಅಂತಲೂ ಅಲ್ಲ. 1940ರಿಂದ ಮೂರು ದಶಕದಷ್ಟು ಕಾಲ ಆಕಾಶವಾಣಿಯಲ್ಲಿ ನಮ್ಮ ಪೇಟಿಗೇ ಪ್ರವೇಶ ಇರಲಿಲ್ಲ. ಧಾರವಾಡ ಕೇಂದ್ರ 1950ರಲ್ಲಿ ಶುರುವಾದಾಗಲೂ ಇರಲಿಲ್ಲ. 1917ರಲ್ಲಿ ಕಾಗವಾಡದಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬದುಕಿ, ತಲೆಮಾರುಗಟ್ಟಲೆ ಗಾಯಕರಿಗೆ ಸಾಥ್ ಕೊಟ್ಟ ರಾಂಭಾವು ವಿಜಾಪುರೆಯವರ ಹರೆಯದ ವರ್ಷಗಳೆಲ್ಲ ಆ ನಿಷೇಧದಲ್ಲೇ ಕಳೆದವು. ಪರಿಚಯ ಪತ್ರದಲ್ಲಿ ಒಂದು ಸಾಲು ಇಲ್ಲ ಅಂದ್ರೆ ಮನುಷ್ಯ ಕಡಿಮೆ ಅಂತ ಅಲ್ಲ. (ಸಾಥಿದಾರರ ಹೆಸರನ್ನು ಕೊನೆಗೆ 'ಹಾಗೂ ಇತರರು' ಅಂತ ಮುಗಿಸುವವರ ಬಗ್ಗೆ ಇನ್ನೊಂದು ಸಲ ಬರೆಯುತ್ತೇನೆ. ಇವತ್ತು ಬಿ.ಪಿ. ಏರಿಸಿಕೊಳ್ಳುವುದು ಬೇಡ.)

ಹೋದ ಮಳೆಗಾಲದ ಮಾತು. ಬೈಲಹೊಂಗಲ ಕಡೆಯ ಒಬ್ಬ ಹೆಣ್ಣುಮಗಳು ಹಾಡಲು ಬಂದಿದ್ದಳು. ಪ್ರಾಥಮಿಕ ಶಾಲೆ ಶಿಕ್ಷಕಿ. ಪರಿಚಯ ಮೂರು ಪುಟ, ಗುರುಗಳು ಆರು ಜನ, ಒಬ್ಬ ಪ್ರಸಿದ್ಧರ ಜೊತೆ ಫೋಟೋ. ಶಿಕ್ಷಕಿ ಅನ್ನುವುದನ್ನು ಎಲ್ಲೂ ಬರೆದಿರಲಿಲ್ಲ. ನಮ್ಮ ಕಲಾವಿದರಿಗೆ ನೌಕರಿ ಹೇಳಿಕೊಳ್ಳುವುದೆಂದರೆ ಏನೋ ಸಂಕೋಚ. ಬ್ಯಾಂಕು, ಶಾಲೆ, ಎಲ್‌ಐಸಿ, ಕಿರಾಣಿ ಅಂಗಡಿ, ಇವೇ ಅಲ್ಲವೇ ಈ ಭಾಗದ ಸಂಗೀತಕ್ಕೆ ಅನ್ನ ಹಾಕಿದ್ದು? ಒಳಗೆ ತಂಬೂರಿ ಶ್ರುತಿ ಮಾಡುತ್ತಿದ್ದಳು. ತಂತಿಯ ಕೆಳಗಿನ ಜವಾರಿಯ ದಾರವನ್ನು ಬೆರಳ ತುದಿಯಿಂದ ಒಂದು ಕೂದಲೆಳೆಯಷ್ಟು ಸರಿಸಿ, ತಂತಿ ಮೀಟಿ, ಕಣ್ಣು ಮುಚ್ಚಿ ಕೇಳಿ, ಮತ್ತೆ ಸರಿಸಿದಳು. ಇದನ್ನು ಎರಡು ದಿನದಲ್ಲಿ ಯಾರೂ ಕಲಿಸಲು ಆಗುವುದಿಲ್ಲ.

'ತಂಗೀ, ಖರೇ ಹೇಳು, ಯಾರ ಹತ್ರ ಕಲ್ತಿ?' ಅಂದೆ.

ಧಾರವಾಡದ ಒಬ್ಬ ನಿವೃತ್ತ ಮೇಷ್ಟ್ರ ಹೆಸರು ಹೇಳಿದಳು. ಆರು ಜನರಲ್ಲಿ ಆ ಹೆಸರೇ ಇರಲಿಲ್ಲ.

'ಎಷ್ಟು ವರ್ಷ?'

'ಹದಿನಾಲ್ಕು ವರ್ಷ ಆತ್ರಿ ಸರ್. ಪ್ರತಿ ರವಿವಾರ. ನಮ್ಮೂರಾಗ ವಸ್ತಿ ಮಾಡಿದ ಗಾಡಿ ಮುಂಜಾನೆ ಐದೂವರಿಗೆ ಬಿಡತಿತ್ರಿ, ಅದಕ್ಕ ಹೋಗತಿದ್ದೆ.'

'ಮತ್ತ ಯಾಕ ಬರದಿಲ್ಲ?'

'ಅದೇನ್ ಬರಿಯೂದ್ರಿ ಸರ್, ಅದು ದಿನದ ಮಾತು.'

ಮೂರು ಪುಟವನ್ನು ಮಡಚಿದೆ. ಅದರ ಹಿಂಬದಿಯಲ್ಲಿ ನಾಲ್ಕು ಸಾಲು ಬರೆದೆ. ಊರು, ಶಾಲೆ, ಮೇಷ್ಟ್ರು, ಹದಿನಾಲ್ಕು ವರ್ಷದ ರವಿವಾರ, ಐದೂವರೆಯ ವಸ್ತಿ ಬಸ್ಸು. ಬರೆದದ್ದನ್ನು ಅವಳಿಗೆ ತೋರಿಸಿ ಒಪ್ಪಿಗೆ ತಗೊಂಡೆ. ಬಸ್ಸು ಬೇಡ ಸರ್ ಅಂದಳು. ಬಸ್ಸು ಇರಲಿ ಅಂದೆ. ಓದಲು ಅರ್ಧ ನಿಮಿಷ ಹಿಡಿಯಿತು.

ಅವತ್ತು ಪೂರಿಯಾ ಧನಾಶ್ರೀ ಹಾಡಿದಳು. ಮುಗಿದ ಮೇಲೆ ನಾನು ಪೇಟಿಗೆ ಕವರ್ ಹಾಕುತ್ತಿದ್ದೆ. ಮುಂದಿನ ಸಾಲಿನ ಇಬ್ಬರು ಮುದುಕರು ಅವಳ ಹತ್ತಿರ ಬಂದು ನಿಂತರು. ನಾನು ರಾಗದ ಬಗ್ಗೆ ಕೇಳುತ್ತಾರೆ ಅಂದುಕೊಂಡೆ.

'ವಸ್ತಿ ಗಾಡಿ ಅಂದಿರಲ್ಲವಾ, ಯಾವ ಊರಿಂದದು?' ಅಂದರು ಒಬ್ಬರು.

ಅವಳು ಊರು ಹೇಳಿದಳು.

'ಹಾಂ, ಗೊತ್ತಾತು ಬಿಡು. ಈಗ ಅದು ಆರಕ್ಕ ಬಿಡತೈತಿ' ಅಂದರು ಇನ್ನೊಬ್ಬರು.