ನಾಟಕದ ಮೇಷ್ಟ್ರು ಏನು ಓದಿರುತ್ತಾರೆ?

ಪ್ರಶ್ನೆ: ಡಿಗ್ರಿ ಮುಗಿಸಿದ ಮಗಳು ನಾಟಕದಲ್ಲಿ ಎಂಎ ಮಾಡ್ತೀನಿ ಅಂತಿದ್ದಾಳೆ. ವಿಶ್ವವಿದ್ಯಾಲಯದಲ್ಲಿ ನಾಟಕ ಕಲಿಸುವವರು ಏನು ಓದಿರುತ್ತಾರೆ? ಎಲ್ಲರೂ ನಟರೇನಾ?

ಕೆಮಿಸ್ಟ್ರಿ ಮೇಷ್ಟ್ರು ಕೆಮಿಸ್ಟ್ರಿ ಓದಿರುತ್ತಾರೆ. ಅದರಲ್ಲಿ ಕೇಳುವಂಥದ್ದೇನೂ ಇಲ್ಲ. ನಾಟಕದ ಮೇಷ್ಟ್ರ ಕಥೆ ಅಷ್ಟು ಸಲೀಸಲ್ಲ. ಒಬ್ಬರು ಸಾಹಿತ್ಯ ಓದಿ ಬಂದಿರುತ್ತಾರೆ, ಇನ್ನೊಬ್ಬರು ತಂಡ ಕಟ್ಟಿಕೊಂಡು ಊರೂರು ತಿರುಗಿ ಬಂದಿರುತ್ತಾರೆ. ಇಬ್ಬರೂ ಒಂದೇ ಸ್ಟಾಫ್ ರೂಮಿನಲ್ಲಿ ಕೂತು ಚಹಾ ಕುಡಿಯುತ್ತಾರೆ.

ಮೊದಲು ನಿಯಮ ನೋಡಿಬಿಡೋಣ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ನಾಟಕದ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಎರಡು ದಾರಿಗಳಿವೆ. ಒಂದು ಎಲ್ಲ ವಿಷಯಗಳಿಗೂ ಇರುವಂಥದ್ದೇ: ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ, ಜೊತೆಗೆ ನೆಟ್ ಅಥವಾ ಸ್ಲೆಟ್ ಅನ್ನುವ ಅಧ್ಯಾಪಕರ ಅರ್ಹತಾ ಪರೀಕ್ಷೆ, ಇಲ್ಲವೇ ನಿಯಮದಂತೆ ಪಡೆದ ಪಿಎಚ್‌ಡಿ. ಎರಡನೆಯದು ವೃತ್ತಿ ಕಲಾವಿದರಿಗೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಅಥವಾ ಮಾನ್ಯತೆ ಇರುವ ಅಂಥದ್ದೇ ಸಂಸ್ಥೆಯಿಂದ ಪ್ರಥಮ ದರ್ಜೆಯ ಪದವಿಯೋ ಡಿಪ್ಲೊಮಾವೋ ಇರಬೇಕು. ಐದು ವರ್ಷ ರಂಗದ ಮೇಲೆ ಹೆಸರು ಮಾಡಿದ್ದಕ್ಕೆ ದಾಖಲೆ ಬೇಕು. ಜೊತೆಗೆ ಮಾಡುವುದನ್ನು ಬಿಡಿಸಿ ಹೇಳಲು ಬರಬೇಕು. ನನಗೆ ಬಹಳ ಇಷ್ಟವಾದ ಷರತ್ತು ಈ ಕೊನೆಯದು. ಚೆನ್ನಾಗಿ ನಟಿಸಿ, ಹೇಗೆ ಮಾಡಿದಿರಿ ಅಂತ ಕೇಳಿದರೆ 'ಸುಮ್ನೆ ಬಂತು' ಅನ್ನುವವರು ನಮ್ಮಲ್ಲಿ ಜಾಸ್ತಿ. ಅವರು ಒಳ್ಳೆಯ ನಟರೇ, ಆದರೆ ಮೇಷ್ಟ್ರಾಗುವುದು ಕಷ್ಟ.

ಇನ್ನೊಂದು ವಿಷಯ. ರಾಷ್ಟ್ರೀಯ ನಾಟಕ ಶಾಲೆ ಕೊಡುವುದು ಮೂರು ವರ್ಷದ ಡಿಪ್ಲೊಮಾ. ಡಿಪ್ಲೊಮಾ ಅಂದ ಕೂಡಲೇ ಅಪ್ಪ ಅಮ್ಮ ಮೂಗು ಮುರಿಯುತ್ತಾರೆ. ಆದರೆ ಅಲ್ಲಿಗೆ ಸೇರುವುದೇ ಡಿಗ್ರಿ ಆದ ಮೇಲೆ. ಕಾಲೇಜಿನಲ್ಲಿ ಪಾಠ ಮಾಡಲು ಮತ್ತು ಪಿಎಚ್‌ಡಿಗೆ ಸೇರಲು ಅದನ್ನು ಎಂಎಗೆ ಸಮ ಅಂತ ಭಾರತೀಯ ವಿಶ್ವವಿದ್ಯಾಲಯಗಳ ಸಂಘ ಒಪ್ಪಿದೆ.

ಈ ನಿಯಮಗಳೆಲ್ಲ ಬರುವ ಮುಂಚೆಯೂ ಬೇರೆ ಬೇರೆ ಕಡೆಯವರೇ ಕಲಿಸುತ್ತಿದ್ದರು. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ನಾಟಕ ವಿಭಾಗ ಶುರುಮಾಡಿದ್ದು ನಾಟಕಕಾರ ಬಲವಂತ ಗಾರ್ಗಿ. ಕಲ್ಲಿಕೋಟೆ ವಿಶ್ವವಿದ್ಯಾಲಯವು ತ್ರಿಶೂರಿನಲ್ಲಿ 1977ರಲ್ಲಿ ತೆರೆದ ನಾಟಕ ಶಾಲೆಯನ್ನು ಮೊದಲು ನಡೆಸಿದ ಜಿ. ಶಂಕರ ಪಿಳ್ಳೈ ಕೂಡ ನಾಟಕಕಾರರೇ. ಅಂದರೆ ಈ ಎರಡೂ ಕಡೆ ಶುರುಮಾಡಿದವರು ಬರೆಯುವವರು.  ಗಾರ್ಗಿ ಕಟ್ಟಿದ ಅದೇ ವಿಭಾಗದಲ್ಲಿ ಮುಂದೆ ಪಾಠ ಮಾಡಿದ ನಿರ್ದೇಶಕಿ ನೀಲಂ ಮಾನ್‌ಸಿಂಗ್ ಚೌಧರಿ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು. ಪಂಜಾಬಿನ ನಕ್ಕಾಲ್ ಅನ್ನುವ ಜನಪದ ಕಲಾವಿದರನ್ನು ತಮ್ಮ ನಾಟಕಗಳಿಗೆ ಕರೆತಂದವರು. ನಮ್ಮಲ್ಲಿ ಚಂದ್ರಶೇಖರ ಕಂಬಾರರ ದಾರಿ ಇನ್ನೊಂದು ಥರ. ಬಯಲಾಟದ ಪದಗಳನ್ನು ಕೇಳುತ್ತ ಬೆಳೆದರು, ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಪಿಎಚ್‌ಡಿ ಮಾಡಿದರು, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು.

ಬಿ.ವಿ. ಕಾರಂತರನ್ನು ಇವತ್ತಿನ ಅರ್ಜಿ ಫಾರಂನಲ್ಲಿ ಕೂರಿಸಿ ನೋಡಿ, ತಮಾಷೆಯಾಗಿರುತ್ತದೆ. ಬಂಟ್ವಾಳದ ಹತ್ತಿರದ ಮಂಚಿಯ ಹುಡುಗ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದ. ಗುಬ್ಬಿ ವೀರಣ್ಣನವರೇ ಅವನನ್ನು ಓದಲು ಬನಾರಸಿಗೆ ಕಳಿಸಿದರು. ಅಲ್ಲಿ ಎಂಎ ಓದಿನ ಜೊತೆಗೆ ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಸಂಗೀತವೂ ಆಯಿತು. ಆಮೇಲೆ ರಾಷ್ಟ್ರೀಯ ನಾಟಕ ಶಾಲೆ, ದೆಹಲಿಯ ಒಂದು ಸ್ಕೂಲಿನಲ್ಲಿ ನಾಟಕದ ಮೇಷ್ಟ್ರ ಕೆಲಸ. 1977ರಲ್ಲಿ, ತಾವು ಕಲಿತ ಅದೇ ನಾಟಕ ಶಾಲೆಗೆ ನಿರ್ದೇಶಕರಾದರು. ಎಂಎ, ಡಿಪ್ಲೊಮಾ ಎರಡಕ್ಕೂ ಫಾರಂನಲ್ಲಿ ಜಾಗ ಇದೆ. ಕಂಪನಿಯಲ್ಲಿ ಸೈಡ್ ವಿಂಗಿನ ಮರೆಯಲ್ಲಿ ನಿಂತು ಕಲಿತದ್ದನ್ನು ಯಾವ ಕಾಲಂನಲ್ಲಿ ಬರೆಯುತ್ತೀರಿ?

ಉಡುಪಿ ಯಕ್ಷಗಾನ ಕೇಂದ್ರದ ಗುರು ಬನ್ನಂಜೆ ಸಂಜೀವ ಸುವರ್ಣರದ್ದಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಶಾಲೆಯಲ್ಲಿ ಅವರು ಓದಿದ್ದು ಬಹಳ ಕಡಿಮೆ. ಆದರೆ ರಾಷ್ಟ್ರೀಯ ನಾಟಕ ಶಾಲೆಯ ವಿದ್ಯಾರ್ಥಿಗಳು ಯಕ್ಷಗಾನದ ಹೆಜ್ಜೆ ಕಲಿತದ್ದು ಅವರಿಂದ. ಇಂಥ ಗುರುಗಳು ವಿಶ್ವವಿದ್ಯಾಲಯಕ್ಕೆ ಬರುವುದು ಸಾಮಾನ್ಯವಾಗಿ ಅತಿಥಿಗಳಾಗಿ, ಕೆಲವು ದಿನ ಅಥವಾ ಕೆಲವು ವಾರಗಳ ಶಿಬಿರಕ್ಕೆ. ಸಿಬ್ಬಂದಿ ಪಟ್ಟಿಯಲ್ಲಿ ಅವರ ಹೆಸರು ಹುಡುಕಬೇಡಿ, ಸಿಗುವುದಿಲ್ಲ.

ಆ ಪಟ್ಟಿಯಲ್ಲಿ ಕಾಣದ ಇನ್ನೂ ಕೆಲವರಿದ್ದಾರೆ. ಲೈಟ್ ನೋಡಿಕೊಳ್ಳುವವರು, ಸೆಟ್ ಮಾಡುವ ಬಡಗಿ, ಬಟ್ಟೆ ಹೊಲಿದು ಜೋಪಾನ ಮಾಡುವವರು, ಹಾರ್ಮೋನಿಯಂ ತಬಲಾದವರು, ಬಣ್ಣ ಹಚ್ಚುವವರು. ಇವರಲ್ಲಿ ಎಷ್ಟೋ ಜನ ಯಾರದೋ ಕೈಕೆಳಗೆ ಕೆಲಸ ಮಾಡುತ್ತಲೇ ಕಲಿತವರು. ಡಿಮ್ಮರ್ ಎಷ್ಟು ನಿಧಾನ ಇಳಿಸಿದರೆ ಸಂಜೆ ಆದಂತೆ ಕಾಣುತ್ತದೆ ಅನ್ನುವುದನ್ನು ಥಿಯರಿ ಕ್ಲಾಸಿನಲ್ಲಿ ನೋಟ್ಸ್ ಕೊಟ್ಟು ಕಲಿಸಲು ಆಗುವುದಿಲ್ಲ. ಅದಕ್ಕೆ ಲೈಟಿನವರ ಪಕ್ಕದಲ್ಲೇ ಕೂರಬೇಕು. ಹಾಗಾಗಿ ಯಾವುದೇ ನಾಟಕ ವಿಭಾಗದಲ್ಲಿ ನಾನು ಮೊದಲು ವಿಚಾರಿಸುವುದು ಇವರನ್ನೇ. ಐದು ಜನ ಡಾಕ್ಟರೇಟ್ ಆದವರಿದ್ದು ಒಬ್ಬ ಲೈಟಿನವನೂ ಇಲ್ಲದಿದ್ದರೆ ಅಲ್ಲಿ ನಾಟಕದ ಬಗ್ಗೆ ಮಾತಾಡುತ್ತಾರೆ, ನಾಟಕ ಆಗುವುದು ಅಪರೂಪ. ಇದು ನನ್ನ ಅನಿಸಿಕೆ, ಒಪ್ಪದವರೂ ಇದ್ದಾರೆ. ರಂಗಭೂಮಿಯ ಚರಿತ್ರೆ ಹೇಳಲು, ಭರತನ ನಾಟ್ಯಶಾಸ್ತ್ರ ಪಾಠ ಮಾಡಲು ಓದಿದವರೇ ಬೇಕು ಅನ್ನುವುದೂ ನಿಜ ಅಲ್ವಾ?

ಈಗ ನಿಮ್ಮ ಮಗಳ ವಿಷಯ. ಎಲ್ಲರೂ ನಟರಾಗಿರುವುದಿಲ್ಲ, ಆಗಿರಬೇಕಾಗಿಯೂ ಇಲ್ಲ. ವಿಭಾಗದ ಪುಟದಲ್ಲಿ ಮೇಷ್ಟ್ರ ಹೆಸರಿನ ಮುಂದಿನ ಪದವಿಗಳನ್ನು ಓದಿ ಅಲ್ಲಿಗೇ ನಿಲ್ಲಿಸಬೇಡಿ. ಯಾರ ಹತ್ತಿರ ಕಲಿತರು, ಇತ್ತೀಚೆಗೆ ಯಾವ ನಾಟಕ ಮಾಡಿಸಿದರು ಅಂತ ನೋಡಿ. ಎಲ್ಲರೂ ಒಂದೇ ಕಡೆ ಓದಿ ಅಲ್ಲೇ ಮೇಷ್ಟ್ರಾದವರಾಗಿದ್ದರೆ ಸ್ವಲ್ಪ ಯೋಚನೆ ಮಾಡಿ. ಕಾಯಂ ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ ಅಂತಲೂ ಕೇಳಿ. ಸೇರುವ ಮೊದಲು ಒಂದು ಸಂಜೆ ಮಗಳನ್ನು ಕರೆದುಕೊಂಡು ಅವರ ತಾಲೀಮು ನೋಡಲು ಹೋಗಿ. ಬಿಡುವಾದಾಗ ಹಳೆಯ ವಿದ್ಯಾರ್ಥಿಗಳನ್ನು ಒಂದೇ ಒಂದು ಪ್ರಶ್ನೆ ಕೇಳಿ: ಕಳೆದ ವರ್ಷ ಇಲ್ಲಿ ಎಷ್ಟು ನಾಟಕ ಮಾಡಿದಿರಿ?